ಹತ್ತಿ ಗಾಡಿ ಮತ್ತು ಹುಟ್ಟಾಳು

ಹುಲೇಕಲ್ಲಿನಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ ಲಿಂಕನ್ನನ ಪಾಠ ಬಂತು. ಅಮೆರಿಕದಲ್ಲಿ ಮನುಷ್ಯರನ್ನು ದನದ ಹಾಗೆ ಮಾರುತ್ತಿದ್ದರು, ಪುಣ್ಯಾತ್ಮ ಬಿಡಿಸಿದ, ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ ಅಂತ ಮಾಸ್ತರು ಹೇಳಿದರು. ಮನೆಗೆ ಬಂದು ಅಜ್ಜಿಯ ಮುಂದೆ ಒಪ್ಪಿಸಿದೆ. ಸೊಪ್ಪಿನ ಹೊರೆ ಇಳಿಸಿ ಕೂತಿದ್ದವಳು, "ಹಂಗಾರೆ ನಿನ್ನ ಮುತ್ತಜ್ಜ ಹುಟ್ಟಾಳಾಗಿದ್ದ ಅಂದ್ರೆ ಎಂತದ ತಮಾ?" ಅಂದಳು. ನನಗೆ ಗೊತ್ತಿರಲಿಲ್ಲ. ಮಾಸ್ತರನ್ನು ಕೇಳುವ ಧೈರ್ಯವೂ ಇರಲಿಲ್ಲ.

ಹುಟ್ಟಾಳು ಎಂಬ ಮಾತು ನನ್ನ ಅಜ್ಜಿ ಕಟ್ಟಿದ್ದಲ್ಲ. ಮಲೆನಾಡಿನ ಹೊಲೆಯರಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಬಗೆ ಇದ್ದವೆಂದು ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ. ಒಡೆಯನ ಮನೆಯಲ್ಲಿ ಹುಟ್ಟಿದವನು ಹುಟ್ಟಾಳು, ಭೂಮಿಗೆ ಅಂಟಿದವನು ಮಣ್ಣಾಳು. ಸಿದ್ದಾಪುರ ದಾಟಿದರೆ ಆ ಮೈಸೂರು ಸೀಮೆಯೇ. ರಾಜ್ಯಕ್ಕೆ ಗಡಿ ಇತ್ತು, ಮಾತಿಗೆ ಇರಲಿಲ್ಲ. 1801ರಲ್ಲಿ ಈ ಸೀಮೆ ಹಾದುಹೋದ ಫ್ರಾನ್ಸಿಸ್ ಬುಕನನ್, ಕೆನರಾದ ಗುಲಾಮರ ಬೆಲೆಯನ್ನು ಅಡಿಕೆ, ಮೆಣಸಿನ ಬೆಲೆ ಬರೆದಷ್ಟೇ ತಣ್ಣಗೆ ಬರೆದಿಟ್ಟಿದ್ದಾನೆ.

ಕಂಪನಿ ಸರ್ಕಾರದ 1843ರ ಐದನೇ ಕಾಯ್ದೆ ಮಾಡಿದ್ದಿಷ್ಟೆ: ಗುಲಾಮನ ಮೇಲಿನ ಒಡೆತನವನ್ನು ಕೋರ್ಟು ಮಾನ್ಯ ಮಾಡುವುದಿಲ್ಲ. ಇಟ್ಟುಕೊಂಡವನಿಗೆ ಶಿಕ್ಷೆಯಿಲ್ಲ, ಬಿಟ್ಟುಹೋದವನಿಗೆ ಒಂದು ಗುಂಟೆ ನೆಲವಿಲ್ಲ. ಕೊಳ್ಳುವುದು, ಮಾರುವುದು ಅಪರಾಧವೆಂದು ಹೇಳಿದ್ದು 1860ರ ದಂಡಸಂಹಿತೆ. ಅದು ಜಾರಿಗೆ ಬಂದದ್ದು 1862ರಲ್ಲಿ. ಗೆಳೆಯರೆ, ಈ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅದಕ್ಕೂ ಅಮೆರಿಕಕ್ಕೂ ನಂಟಿದೆ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಅಮೆರಿಕದ ಸಂವಿಧಾನ ಬರೆದವರು ಬಹಳ ಜಾಣರು. ಆ ಬರಹದಲ್ಲಿ ಎಲ್ಲಿಯೂ ಗುಲಾಮ ಎಂಬ ಪದವೇ ಇಲ್ಲ. ಪದ ಇಲ್ಲ, ಲೆಕ್ಕ ಇದೆ. ಗುಲಾಮರಲ್ಲಿ ಐವರನ್ನು ಮೂವರೆಂದು ಎಣಿಸಿ ದಕ್ಷಿಣದ ರಾಜ್ಯಗಳಿಗೆ ಪ್ರತಿನಿಧಿ ಸಭೆಯಲ್ಲಿ ಹೆಚ್ಚಿನ ಸ್ಥಾನ ಕೊಟ್ಟರು. ಓಟಿಲ್ಲದವನ ತಲೆ ಅವನ ಒಡೆಯನ ಓಟಿಗೆ ತೂಕ ತುಂಬಿತು! ಆಫ್ರಿಕದಿಂದ ಜನರನ್ನು ತರುವುದನ್ನು 1808ರವರೆಗೆ ಕೇಂದ್ರ ಸರ್ಕಾರ ನಿಷೇಧಿಸುವಂತಿರಲಿಲ್ಲ. ಓಡಿಹೋದವನು ಯಾವ ರಾಜ್ಯದಲ್ಲಿ ಸಿಕ್ಕಿದರೂ ಹಿಡಿದು ಒಪ್ಪಿಸಬೇಕಿತ್ತು. ಗುಲಾಮಗಿರಿ ಎಂಬ ಮಾತು ಆ ಸಂವಿಧಾನದೊಳಗೆ ಬಂದದ್ದು 1865ರ ಹದಿಮೂರನೇ ತಿದ್ದುಪಡಿಯಲ್ಲಿ, ಅದನ್ನು ರದ್ದು ಮಾಡುವಾಗ.

ಈ ನಡುವೆ ದೇಶ ಎರಡು ಹೋಳಾಗುತ್ತ ಬಂತು. ಉತ್ತರದ ರಾಜ್ಯಗಳು ಗುಲಾಮಗಿರಿಯನ್ನು ಒಂದೊಂದಾಗಿ ಬಿಟ್ಟವು. ಪೆನ್ಸಿಲ್ವೇನಿಯ 1780ರಲ್ಲೇ ಹಂತಹಂತವಾಗಿ ಬಿಡುಗಡೆ ಮಾಡುವ ಕಾಯ್ದೆ ತಂದಿತ್ತು. ದಕ್ಷಿಣಕ್ಕೆ 1793ರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರ ಸಿಕ್ಕಿತು. ಯಂತ್ರ ಬಂದರೆ ಆಳು ಕಡಿಮೆಯಾಗಬೇಕಲ್ಲ? ಆಗಲಿಲ್ಲ. ಹತ್ತಿ ಲಾಭವಾದಷ್ಟೂ ಹೊಲ ಬೆಳೆಯಿತು, ಬಿಡಿಸುವ ಕೈ ಬೇಕಾಯಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರು 1860ಕ್ಕೆ ಸುಮಾರು 40 ಲಕ್ಷವಾದರು. 1820ರಲ್ಲಿ ಪಶ್ಚಿಮದ ನೆಲದ ಮೇಲೆ ಒಂದು ಗೆರೆ ಎಳೆದರು: ಮಿಸೌರಿಯೊಂದನ್ನು ಬಿಟ್ಟು ಗೆರೆಯ ಮೇಲೆ ಗುಲಾಮಗಿರಿ ಬೇಡ, ಕೆಳಗೆ ಇರಲಿ. 1854ರಲ್ಲಿ ಆ ಗೆರೆ ಅಳಿಸಿದರು. 1857ರ ಡ್ರೆಡ್ ಸ್ಕಾಟ್ ತೀರ್ಪು ಕರಿಯರು ಪ್ರಜೆಗಳೇ ಅಲ್ಲವೆಂದಿತು. 1861ರಲ್ಲಿ ಯುದ್ಧ ಶುರುವಾಯಿತು.

ಯುದ್ಧದಲ್ಲಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಲ್ಯಾಂಕಾಶೈರಿನ ಗಿರಣಿಗಳಿಗೆ ಮುಕ್ಕಾಲು ಪಾಲು ಹತ್ತಿ ಅಲ್ಲಿಂದಲೇ ಬರುತ್ತಿದ್ದದ್ದು. ಗಿರಣಿ ಧಣಿಗಳ ಕಣ್ಣು ಧಾರವಾಡದ ಎರೆಭೂಮಿಯ ಮೇಲೆ ಬಿತ್ತು. ಅಲ್ಲಿ ಕಂಪನಿ 1840ರ ದಶಕದಲ್ಲೇ ಅಮೆರಿಕದ ಹತ್ತಿ ತೋಟದವರನ್ನು ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತ್ತು. ಗುಲಾಮರು ಬೆಳೆದ ಬೀಜಕ್ಕೆ ನಮ್ಮಲ್ಲಿ 'ಧಾರವಾಡ-ಅಮೆರಿಕನ್' ಎಂಬ ಹೆಸರು ಬಂತು. ಗಾಡಿಗಳು ಹುಬ್ಬಳ್ಳಿಯಿಂದ ಶಿರಸಿ ಮೇಲೆ ಹಾದು, ದೇವಿಮನೆ ಘಟ್ಟ ಇಳಿದು ಕುಮಟೆ ಬಂದರಿಗೆ ಹೋಗುತ್ತಿದ್ದವು. ಹತ್ತಿ ಬೆಳೆಯದ ಕುಮಟೆಯ ಹೆಸರು ಬೊಂಬಾಯಿ ಪೇಟೆಯಲ್ಲಿ ಒಂದು ಬಗೆಯ ಹತ್ತಿಗೆ ನಿಂತುಬಿಟ್ಟಿತು. ಅದೂ ಸಾಲದೆಂದು ಕಾರವಾರವನ್ನು ದೊಡ್ಡ ಬಂದರು ಮಾಡುವ ಹುಮ್ಮಸ್ಸು ಬಂತು. ಧಾರವಾಡ ಬೊಂಬಾಯಿಯ ಕೈಯಲ್ಲಿ, ಬಂದರು ಮದ್ರಾಸಿನ ಕೈಯಲ್ಲಿ ಇದ್ದರೆ ಹೇಗೆ? 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಹಾಕಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಎರಡೂ ಮತ್ತೆ ಒಂದು ರಾಜ್ಯಕ್ಕೆ ಬಂದದ್ದು 1956ರಲ್ಲಿ.

ಅಂದರೆ ಅಮೆರಿಕದ ಗುಲಾಮಗಿರಿಗಾಗಿ ನಮ್ಮ ಜಿಲ್ಲೆಯ ಮೇಲೂ ಒಂದು ಗೆರೆ ಬಿತ್ತು. ಅಲ್ಲಿ ಗೆರೆಯ ಆಚೆಈಚೆ ಗುಲಾಮನೇ ಜಗಳದ ವಿಷಯ. ಇಲ್ಲಿ ಹತ್ತಿ ಮೂಟೆ ವಿಷಯ. ಮನುಷ್ಯನನ್ನು ಮಾರುವುದು ಅಪರಾಧವಾದ ಅದೇ ವರ್ಷ ಜಿಲ್ಲೆ ಕೈಬದಲಾಯಿತು, ಆ ಕಾಗದಪತ್ರದಲ್ಲಿ ಹುಟ್ಟಾಳಿಗೆ ಜಾಗವಿರಲಿಲ್ಲ. ನಮ್ಮ ಚರಿತ್ರೆಕಾರರು ಇದನ್ನು 'ಆಡಳಿತಾತ್ಮಕ ಬದಲಾವಣೆ' ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಗುಲಾಮಗಿರಿ ಅಮೆರಿಕವನ್ನು ಒಡೆಯಿತು, ನಮ್ಮನ್ನೇಕೆ ಒಡೆಯಲಿಲ್ಲ? ಅವರ ಉತ್ತರವೂ ಶುದ್ಧವಲ್ಲ, ಅದರ ಗಿರಣಿಗಳೂ ಅದೇ ಹತ್ತಿ ನೇಯುತ್ತಿದ್ದವು. ಆದರೂ ಓಡಲು ಒಂದು ದಿಕ್ಕಿತ್ತು. ನಮ್ಮವನು ಘಟ್ಟ ಇಳಿದರೆ ಮೂಲದ ಹೊಲೆಯ, ಹತ್ತಿದರೆ ಮಣ್ಣಾಳು. ಜಾತಿಗೆ ಉತ್ತರವಿಲ್ಲ, ದಕ್ಷಿಣವಿಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರು ಗೋವೆಯ ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ನಮ್ಮ ಕಾಡಿಗೆ ಬಂದರು. ಅವರಿಗೆ ಗೆರೆ ದಾಟಿದ್ದೇನೋ ನಿಜ, ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003 ಬರಬೇಕಾಯಿತು.

ಈ ನಂಟನ್ನು ಮೊದಲು ಕಂಡವರು ಫುಲೆ. 1873ರ 'ಗುಲಾಮಗಿರಿ'ಯನ್ನು ಅವರು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ನಿಂತ ಅಮೆರಿಕದ ಜನರಿಗೆ. 1972ರಲ್ಲಿ ಮುಂಬಯಿಯ ಹುಡುಗರು ಪ್ಯಾಂಥರ್ ಹೆಸರನ್ನೇ ಇಟ್ಟುಕೊಂಡರು. ನಾವು ಕನ್ನಡದವರು ಕರಿಯರ ಕವಿತೆ ಅನುವಾದಿಸಿದಷ್ಟು ನಮ್ಮ ಮಣ್ಣಾಳಿನ ದಾಖಲೆ ಹುಡುಕಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಅಜ್ಜಿ ಹೊರುತ್ತಿದ್ದ ಸೊಪ್ಪು ಬೆಟ್ಟದ್ದು. ನಮ್ಮ ಕಡೆ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು. ಹಕ್ಕು ತೋಟಕ್ಕೆ, ಹೊರೆ ಅಜ್ಜಿಗೆ. 1974ರ ಭೂಸುಧಾರಣೆ ಬಂದಾಗ ಅಪ್ಪನೂ ಡಿಕ್ಲರೇಷನ್ ಹಾಕಲು ಹೋದ. ಗೇಣಿ ಚೀಟಿ ಇದೆಯಾ ಎಂದು ಕೇಳಿದರು. ಆಳಿಗೆ ಎಲ್ಲಿಯ ಗೇಣಿ ಚೀಟಿ? ಬರೆಸಿಕೊಂಡು ಹೋಗಿದ್ದ ಅರ್ಜಿಯನ್ನು ಮಡಚಿ ವಾಪಸು ತಂದ. ಅಜ್ಜಿಯ ಕವಳದ ಸಂಚಿಯಲ್ಲಿ ಅದು ಸುಣ್ಣದ ಕಲೆ ಹತ್ತಿಸಿಕೊಂಡು ಈಗಲೂ ಇದೆ.