ಜೋಲು ಚರ್ಮ: ತೂಕ ಇಳಿದ ಮೇಲೆ ಉಳಿಯುವುದೇನು?

ತಮಟೆ ಬಾರಿಸುವವರು ಮೆರವಣಿಗೆಗೆ ಮುಂಚೆ ಉರಿ ಮಾಡಿ ವಾದ್ಯವನ್ನು ಅದಕ್ಕೆ ಹಿಡಿಯುತ್ತಾರೆ. ತೇವಕ್ಕೆ ಇಳಿದಿದ್ದ ತೊಗಲು ಕಾವಿಗೆ ಬಿಗಿಯುತ್ತದೆ, ನಾದ ಏರುತ್ತದೆ. ಬಿಗಿ, ಸಡಿಲ, ಜೋಲು ಎಂದು ಚರ್ಮದ ಬಗ್ಗೆ ನಾವು ಆಡುವ ಮಾತುಗಳಲ್ಲಿ ಹದ ಮಾಡಿದ ತೊಗಲಿನ ಈ ಅನುಭವ ಎಲ್ಲೋ ಬೆರೆತಿರುವಂತಿದೆ. ಮೂವತ್ತು ನಲವತ್ತು ಕಿಲೋ ಇಳಿಸಿದವರ ಹೊಟ್ಟೆ, ತೋಳು, ತೊಡೆಗಳಲ್ಲಿ ಜೋತಾಡುವ ಚರ್ಮವನ್ನೂ ನಾವು ‘ಸಡಿಲ’ ಎನ್ನುತ್ತೇವೆ. ಸಡಿಲವಾದದ್ದನ್ನು ಬಿಗಿ ಮಾಡಬಹುದಲ್ಲವೇ? ಮುಲಾಮು ಮಾರುವವರ ವ್ಯಾಪಾರ, ‘ಇನ್ನಷ್ಟು ವ್ಯಾಯಾಮ ಮಾಡಬೇಕಿತ್ತು’ ಎಂದು ರೋಗಿ ತನ್ನನ್ನೇ ದೂರಿಕೊಳ್ಳುವುದು, ‘ಇದು ಸೌಂದರ್ಯದ ವಿಷಯ’ ಎಂದು ವಿಮಾ ಕಂಪನಿ ಕೈ ತೊಳೆದುಕೊಳ್ಳುವುದು, ಈ ಮೂರೂ ಆ ಒಂದು ಪದದ ಮೇಲೆ ನಿಂತಿವೆ. ಪದವೇ ತಪ್ಪೆಂಬುದು ಈ ಲೇಖನದ ವಾದ. ದೊಡ್ಡ ಪ್ರಮಾಣದಲ್ಲಿ ತೂಕ ಇಳಿಸಿದವರಲ್ಲಿ ಉಳಿಯುವುದು ಬಹುಮಟ್ಟಿಗೆ ಹೆಚ್ಚುವರಿಯಾಗಿ ಬೆಳೆದ ಚರ್ಮ. ಅದು ಬೊಜ್ಜು ಎಂಬ ಕಾಯಿಲೆಯ ಶೇಷ.

ಇದಕ್ಕೆ ಬಲವಾದ ಸಾಕ್ಷಿ ಸಿಗುವುದು ಬೊಜ್ಜಿನ ಅಧ್ಯಯನದಲ್ಲಲ್ಲ, ಸುಟ್ಟಗಾಯದ ಚಿಕಿತ್ಸೆಯಲ್ಲಿ. ನ್ಯೂಮನ್ ಎಂಬ ಶಸ್ತ್ರವೈದ್ಯ ಕಿವಿಯ ಮರುರಚನೆಗೆ ಬೇಕಾದ ಚರ್ಮ ಪಡೆಯಲು ಅದರ ಹತ್ತಿರದ ಚರ್ಮದಡಿ ರಬ್ಬರ್ ಬಲೂನು ಇಟ್ಟು ಮೆಲ್ಲಗೆ ಉಬ್ಬಿಸಿದ ಪ್ರಯೋಗವನ್ನು 1957ರಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ರಾಡೊವಾನ್ ಸಿಲಿಕೋನ್ ಚೀಲ ಬಳಸಿ ಆ ವಿಧಾನವನ್ನು ಬೆಳೆಸಿದರು. ಇಂದಿಗೂ ಕ್ರಮ ಅದೇ: ಚೀಲಕ್ಕೆ ಕೆಲವು ದಿನಕ್ಕೊಮ್ಮೆ ಉಪ್ಪುನೀರು ತುಂಬುತ್ತಾ ಹೋದರೆ ಕೆಲವು ವಾರಗಳಲ್ಲಿ ಮೇಲಿನ ಚರ್ಮದ ವಿಸ್ತೀರ್ಣ ಹೆಚ್ಚುತ್ತದೆ, ಹಾಗೆ ಸಿಕ್ಕ ಚರ್ಮವನ್ನು ಪಕ್ಕದ ಸುಟ್ಟ ಕಲೆಯ ಜಾಗಕ್ಕೆ ಎಳೆದು ಹೊಲಿಯುತ್ತಾರೆ. ಚರ್ಮ ರಬ್ಬರಿನಂತೆ ಬರೀ ಹಿಗ್ಗಿದ್ದರೆ ಚೀಲ ತೆಗೆದ ಕ್ಷಣ ಮೊದಲಿನಷ್ಟಕ್ಕೇ ಬಂದು ನಿಲ್ಲಬೇಕಿತ್ತು. ಸ್ವಲ್ಪ ಕುಗ್ಗುವುದು ನಿಜ, ಪೂರ್ತಿ ಕುಗ್ಗುವುದಿಲ್ಲ. ಎಳೆತಕ್ಕೆ ಸಿಕ್ಕ ಜೀವಕೋಶಗಳು ವಿಭಜನೆಗೊಂಡು ಹೊಸ ಚರ್ಮವನ್ನೇ ಕಟ್ಟಿರುತ್ತವೆ. ವಾರಗಟ್ಟಲೆಯ ಬಲೂನು ಇಷ್ಟು ಮಾಡುವುದಾದರೆ, ಹತ್ತು ಇಪ್ಪತ್ತು ವರ್ಷ ಒಳಗಿನಿಂದ ಒತ್ತುತ್ತಲೇ ಇದ್ದ ಬೊಜ್ಜು ಎಷ್ಟು ಚರ್ಮ ಬೆಳೆಸಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಹೀಗೆ ಬೆಳೆದ ಚರ್ಮದ ಗುಣಮಟ್ಟವೂ ಮೊದಲಿನಂತಿರುವುದಿಲ್ಲ. ಒಳಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜನ್, ಹಿಗ್ಗಿದ ಮೇಲೆ ಹಿಂದಕ್ಕೆ ಎಳೆಯುವುದು ಎಲಾಸ್ಟಿನ್ ನಾರು. ಕೊಲಾಜನ್ನನ್ನು ದೇಹ ಜೀವಮಾನವಿಡೀ ತಯಾರಿಸುತ್ತಿರುತ್ತದೆ. ಎಲಾಸ್ಟಿನ್ ಕಥೆ ಬೇರೆ: ಅದರ ಬಹುಪಾಲು ಗರ್ಭದಲ್ಲೂ ಬಾಲ್ಯದಲ್ಲೂ ತಯಾರಾಗಿ ಮುಗಿಯುತ್ತದೆ, ಹರಿದ ನಾರಿಗೆ ಸಮನಾದ ಬದಲಿ ದೊಡ್ಡವರಲ್ಲಿ ಹುಟ್ಟುವುದು ತೀರಾ ಕಡಿಮೆ. ತೂಕ ಇಳಿಸಿದವರಿಂದ ಕತ್ತರಿಸಿ ತೆಗೆದ ಚರ್ಮವನ್ನು ಸೂಕ್ಷ್ಮದರ್ಶಕದಡಿ ನೋಡಿದವರಿಗೆ ಅಸ್ತವ್ಯಸ್ತ ಕೊಲಾಜನ್ ಮತ್ತು ಶಿಥಿಲವಾದ ಎಲಾಸ್ಟಿನ್ ಕಂಡಿವೆ. ಇದರ ಜೊತೆಗಿಟ್ಟು ನೋಡಬೇಕಾದ ಇನ್ನೊಂದು ಸಂಗತಿಯಿದೆ. ಅಣ್ವಸ್ತ್ರ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಇಂಗಾಲ-14ರ ಜಾಡು ಹಿಡಿದು ಸ್ಟಾಕ್‌ಹೋಮಿನ ಕಿರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು 2008ರಲ್ಲಿ ಕೊಬ್ಬಿನ ಕೋಶಗಳ ವಯಸ್ಸನ್ನು ಲೆಕ್ಕ ಹಾಕಿದರು. ತೂಕ ಇಳಿದಾಗ ಆ ಕೋಶಗಳು ಕುಗ್ಗುತ್ತವೆ, ಅವುಗಳ ಸಂಖ್ಯೆ ಮಾತ್ರ ಇಳಿಯುವುದಿಲ್ಲ ಎಂಬುದು ಅವರಿಗೆ ತಿಳಿದ ವಿಷಯ. ಅಂದರೆ ಖಾಲಿಯಾದದ್ದು ಚೀಲದೊಳಗಿನ ಸರಕು ಮಾತ್ರ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಬಾಣಂತಿಯ ಹೊಟ್ಟೆ ತಿಂಗಳುಗಳಲ್ಲಿ ಮರಳಿ ಬಿಗಿಯುವುದಿಲ್ಲವೇ? ಬಿಗಿಯುತ್ತದೆ, ಆದರೆ ಅಲ್ಲಿನ ಎಳೆತ ಕೆಲವೇ ತಿಂಗಳದ್ದು, ಒಂದೇ ಭಾಗದ್ದು, ಸಾಮಾನ್ಯವಾಗಿ ಹರೆಯದ ಚರ್ಮದ್ದು. ಅಷ್ಟಿದ್ದೂ ಅವಳಿ ಮಕ್ಕಳನ್ನು ಹೆತ್ತವರಲ್ಲಿ, ಹಲವು ಹೆರಿಗೆ ಕಂಡವರಲ್ಲಿ ಹೊಟ್ಟೆ ಜೋಲುವುದನ್ನು ನಮ್ಮ ಅಜ್ಜಿಯರು ಬಲ್ಲರು. ಹಾಗಾಗಿ ಬಾಣಂತಿಯ ಉದಾಹರಣೆ ವಾದವನ್ನು ಮುರಿಯುವುದಿಲ್ಲ, ಅದಕ್ಕೊಂದು ಎಲ್ಲೆ ಹಾಕುತ್ತದೆ: ಎಳೆತದ ಪ್ರಮಾಣ, ಅವಧಿ, ವಯಸ್ಸು, ಇವುಗಳ ಮೇಲೆ ಮರಳುವಿಕೆ ನಿಂತಿದೆ. ಧೂಮಪಾನವೂ ಬಿಸಿಲೂ ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ನಿಧಾನವಾಗಿ ಇಳಿಸಿದರೆ ಚರ್ಮ ಜೋಲದು ಎಂಬ ಮಾತೂ ಚಾಲ್ತಿಯಲ್ಲಿದೆ. ನಿಧಾನ ಒಳ್ಳೆಯದೇ, ಸ್ನಾಯು ಉಳಿಯುತ್ತದೆ. ಆದರೆ ಬೆಳೆದುನಿಂತ ಚರ್ಮವನ್ನು ನಿಧಾನ ಕರಗಿಸುತ್ತದೆ ಎನ್ನಲು ಆಧಾರ ದುರ್ಬಲ. ಎಷ್ಟು ವೇಗವಾಗಿ ಇಳಿಸಿದರು ಎನ್ನುವುದಕ್ಕಿಂತ ಎಲ್ಲಿಂದ ಎಲ್ಲಿಗೆ ಇಳಿಸಿದರು ಎಂಬುದು ಇಲ್ಲಿ ದೊಡ್ಡ ಲೆಕ್ಕ.

ಇಷ್ಟು ಒಪ್ಪಿದರೆ ಮಾರುಕಟ್ಟೆಯ ಪರಿಹಾರಗಳನ್ನು ತೂಗುವುದು ಸುಲಭ. ಮುಲಾಮು ಹೊರಚರ್ಮವನ್ನು ಮೃದುವಾಗಿಡುತ್ತದೆ, ಮಡಿಕೆಯನ್ನು ಎತ್ತಲಾರದು. ಭಾರ ಎತ್ತುವ ವ್ಯಾಯಾಮ ಚರ್ಮದಡಿಯ ಸ್ನಾಯುವನ್ನು ತುಂಬುತ್ತದೆ. ತೋಳು ತೊಡೆಗಳಲ್ಲಿ ಇದರ ಫಲ ಕಣ್ಣಿಗೆ ಕಾಣುವಷ್ಟು ಇರಬಹುದು, ಹೊಕ್ಕುಳ ಕೆಳಗೆ ಇಳಿಬಿದ್ದ ಮಡಿಕೆಗೆ ಇದು ಸಾಲದು. ರೇಡಿಯೊ ತರಂಗಗಳಿಂದ ಒಳಚರ್ಮವನ್ನು ಕಾಯಿಸುವ ಯಂತ್ರಗಳು ಮಾಡುವುದು ಒಂದರ್ಥದಲ್ಲಿ ತಮಟೆಯವರ ಕೆಲಸವನ್ನೇ, ಕಾವಿಗೆ ಕೊಲಾಜನ್ ಮುದುಡುತ್ತದೆ. ಅಲ್ಪ ಸಡಿಲತೆಗೆ ಅವು ಅಷ್ಟಿಷ್ಟು ಒದಗಿಯಾವು. ತಮಟೆಗೆ ಅದರ ಬಳೆಯ ಅಳತೆಗಿಂತ ಒಂದು ಮೊಳ ಹೆಚ್ಚು ತೊಗಲು ಹೊದಿಸಿದ್ದರೆ ಯಾವ ಬೆಂಕಿಯೂ ಅದನ್ನು ನುಡಿಸಲಾರದು. ಹೆಚ್ಚುವರಿ ಚರ್ಮಕ್ಕೆ ಇರುವ ಖಚಿತ ಉಪಾಯ ಕತ್ತರಿಸಿ ತೆಗೆಯುವುದೊಂದೇ.

ತೆಗೆಯಲೇಬೇಕೇ, ಅದು ಬರೀ ನೋಟದ ಪ್ರಶ್ನೆಯಲ್ಲವೇ ಎಂಬುದು ಎರಡನೆಯ, ಇನ್ನೂ ಗಂಭೀರ ಆಕ್ಷೇಪ. ಜೋತ ಹೊಟ್ಟೆಯ ಮಡಿಕೆಯೊಳಗೆ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ, ಚರ್ಮಕ್ಕೆ ಚರ್ಮ ತಿಕ್ಕಿ ಕೆಂಪಾಗಿ ಶಿಲೀಂಧ್ರ ಸೇರಿಕೊಳ್ಳುತ್ತದೆ. ಮಂಗಳೂರು, ಕಾರವಾರಗಳ ಸೆಕೆಯಲ್ಲಿ, ಲಂಗದ ಲಾಡಿಯನ್ನು ಬಿಗಿದು ಸೀರೆ ಉಡುವವರಿಗೆ ಇದು ಎಂಥ ಹಿಂಸೆಯೆಂದು ವಿವರಿಸಬೇಕಿಲ್ಲ. ತೂಕ ಮತ್ತೆ ಏರದಂತೆ ನಡೆಯಲು, ಓಡಲು ಹೊರಟವರಿಗೆ ತೂಗಾಡುವ ಮಡಿಕೆಯೇ ಅಡ್ಡಿ. ಈ ಶಸ್ತ್ರಕ್ರಿಯೆಯ ಹುಟ್ಟೂ ಸೌಂದರ್ಯದ ಅಂಗಡಿಯಲ್ಲಿ ಆದದ್ದಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸ್ತ್ರೀರೋಗ ತಜ್ಞ ಹೊವಾರ್ಡ್ ಕೆಲ್ಲಿ 1899ರಲ್ಲಿ ಏಳು ಕಿಲೋಗೂ ಮೀರಿದ ಹೊಟ್ಟೆಯ ಮಡಿಕೆಯನ್ನು ಅಡ್ಡ ಸೀಳಿ ತೆಗೆದದ್ದನ್ನು ವರದಿ ಮಾಡಿದರು. ಹೊರೆ ಇಳಿಸುವುದು ಅದರ ಉದ್ದೇಶ. ಹೊಟ್ಟೆಯ ಸ್ನಾಯುಗಳನ್ನು ಬಿಗಿದು, ಹೊಕ್ಕುಳನ್ನು ಹೊಸ ಜಾಗಕ್ಕೆ ತಂದು ಆಕಾರ ತಿದ್ದುವ ಕ್ರಮ ಆಮೇಲೆ ಬೆಳೆದದ್ದು. ಎರಡನ್ನೂ ಒಂದೇ ಹೆಸರಿನಡಿ ಕಟ್ಟಿದ್ದರಿಂದ ಗೊಂದಲ ಹುಟ್ಟಿದೆ.

ಈ ಗೊಂದಲಕ್ಕೆ ನಮ್ಮಲ್ಲಿ ಕಾಗದದ ಮೇಲಿನ ರೂಪವೂ ಇದೆ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯ ಹೊರಗಿಡುವ ಷರತ್ತುಗಳನ್ನು ಏಕರೂಪಗೊಳಿಸಿತು. ಆರನೆಯ ಷರತ್ತಿನ ಪ್ರಕಾರ ದೇಹತೂಕ ಸೂಚ್ಯಂಕ 40 ಮುಟ್ಟಿದವರಿಗೆ, ಅಥವಾ 35 ಮುಟ್ಟಿ ತೀವ್ರವಾದ ಇತರ ಕಾಯಿಲೆಗಳೂ ಇದ್ದವರಿಗೆ, ಬೊಜ್ಜಿನ ಶಸ್ತ್ರಕ್ರಿಯೆಯ ಖರ್ಚು ಸಿಗಲು ದಾರಿಯಿದೆ. ಎಂಟನೆಯ ಷರತ್ತು ರೂಪ ತಿದ್ದುವ ಚಿಕಿತ್ಸೆಯನ್ನು ಹೊರಗಿಡುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳ ನಂತರದ ಮರುರಚನೆಗೆ ವಿನಾಯಿತಿ ಕೊಡುತ್ತದೆ. ಬೊಜ್ಜು ಈ ಪಟ್ಟಿಯಲ್ಲಿಲ್ಲ. ರೋಗಕ್ಕೆ ಹಣ ಕೊಟ್ಟು ಅದರ ಶೇಷಕ್ಕೆ ಬಾಗಿಲು ಹಾಕುವ ಈ ತರ್ಕ ನಿಲ್ಲದು. ಬಾಗಿಲು ತೆರೆದರೆ ಚೆಂದಕ್ಕಾಗಿ ಬರುವವರೆಲ್ಲ ನುಗ್ಗುತ್ತಾರೆ ಎಂಬ ಭಯಕ್ಕೂ ಉತ್ತರವಿದೆ. ದೇಹದ ಹತ್ತು ಭಾಗಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಪಿಟ್ಸ್‌ಬರ್ಗ್ ಮಾಪಕ 2005ರಿಂದಲೂ ಬಳಕೆಯಲ್ಲಿದೆ. ಅದಕ್ಕೆ ಸೋಂಕಿನ ದಾಖಲೆ ಸೇರಿಸಿದರೆ ಯಾರಿಗೆ ಅಗತ್ಯ, ಯಾರಿಗೆ ಬಯಕೆ ಎಂದು ಬೇರ್ಪಡಿಸುವುದು ಸಾಧ್ಯ.

ಹಾಗೆಂದು ಎಲ್ಲರೂ ಕತ್ತಿಗೆ ಒಡ್ಡಿಕೊಳ್ಳಬೇಕೆಂಬುದು ವಾದವಲ್ಲ. ಗಾಯ ಬಿಚ್ಚಿಕೊಳ್ಳುವುದು, ಒಳಗೆ ನೀರು ತುಂಬುವುದು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವುದು ಈ ಶಸ್ತ್ರಕ್ರಿಯೆಯ ತಿಳಿದ ಅಪಾಯಗಳು. ಸೊಂಟದ ಸುತ್ತ ಉದ್ದನೆಯ ಕಲೆ ಉಳಿಯುವುದಂತೂ ಖಚಿತ, ನಮ್ಮ ಮೈಬಣ್ಣದಲ್ಲಿ ಅದು ಕಪ್ಪಾಗಿ ಉಬ್ಬುವ ಸಂಭವವೂ ಹೆಚ್ಚು. ಜಠರದ ಶಸ್ತ್ರಕ್ರಿಯೆ ಆದವರಲ್ಲಿ ಪ್ರೋಟೀನ್, ಕಬ್ಬಿಣ, ಬಿ-12 ಕೊರತೆ ಇರುವುದರಿಂದ ಗಾಯ ಮಾಯುವುದು ತಡವಾಗುತ್ತದೆ. ತೂಕ ಕೆಲವು ತಿಂಗಳಾದರೂ ಒಂದೇ ಕಡೆ ನಿಂತ ಮೇಲೆಯೇ ಕೈ ಹಾಕುವುದು ವಾಡಿಕೆ. ಇಂದು ಈ ಪ್ರಶ್ನೆಗೆ ಹೊಸ ತುರ್ತು ಬಂದಿದೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಗ್ಲುಟೈಡ್ ಚುಚ್ಚುಮದ್ದು ಪಡೆದವರು 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ತೂಕ ಕಳೆದುಕೊಂಡರು. 2025ರಲ್ಲಿ ಟಿರ್ಜೆಪಟೈಡ್ ಮತ್ತು ತೂಕ ಇಳಿಸಲೆಂದೇ ತಯಾರಾದ ಸೆಮಗ್ಲುಟೈಡ್ ಎರಡೂ ಭಾರತದ ಮಾರುಕಟ್ಟೆಗೆ ಬಂದಿವೆ. ಶಸ್ತ್ರಕ್ರಿಯೆ ಆದ ಕೆಲವರಿಗಷ್ಟೇ ಇದ್ದ ತೊಂದರೆ ಇನ್ನು ಹಲವರದಾಗಲಿದೆ.

ಎಂಟನೆಯ ಷರತ್ತಿನಲ್ಲೇ ಒಂದು ಕಿರುಬಾಗಿಲಿದೆ: ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವಿದೆಯೆಂದು ಚಿಕಿತ್ಸೆ ನೀಡುವ ವೈದ್ಯರು ಪ್ರಮಾಣೀಕರಿಸಿದರೆ ಖರ್ಚನ್ನು ಪರಿಗಣಿಸಬಹುದು. ಮಡಿಕೆಯ ಹುಣ್ಣಿಗೆ ಮುಲಾಮು ಬರೆದುಕೊಡುವ ವೈದ್ಯರು ಅದರ ಜಾಗ, ಅಳತೆ, ಎಷ್ಟನೆಯ ಸಲ ಮರುಕಳಿಸಿತು ಎಂಬುದನ್ನು ದಿನಾಂಕದೊಡನೆ ರೋಗಿಯ ಚೀಟಿಯಲ್ಲಿ ಬರೆಯಲಿ. ತೂಕ ಇಳಿಸುವ ಚಿಕಿತ್ಸೆ ಶುರು ಮಾಡುವ ದಿನವೇ ಚರ್ಮ ಉಳಿಯುವುದೆಂದು ಹೇಳಿಬಿಡಲಿ.