ನಾಲ್ಕನೇ ವಾರ್ಡಿನ ಪಕ್ಕದ ಕೋಣೆ

ಮೂವತ್ತೊಂದು ವರ್ಷ ನರ್ಸ್ ಆಗಿ ದುಡಿದವಳು ನಾನು. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಕೆಲವೇ ದಿನಕ್ಕೆ ಸೊಂಟ ಕೆಂಪೇರಿ ಹುಣ್ಣಾಗುತ್ತದೆ. ಅರುಣಾ ಶಾನಭಾಗರ ಮೇಲಿನ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕಾನೂನಿನ ಮಾತಲ್ಲ. ಮೂವತ್ತೇಳು ವರ್ಷ ಮಲಗಿದ ಆ ಮೈಮೇಲೆ ಒಂದೂ ಹಾಸಿಗೆ ಹುಣ್ಣು ಇರಲಿಲ್ಲ ಎಂಬ ಸಂಗತಿ.

ಅರುಣಾ ನಮ್ಮ ಹೊನ್ನಾವರ ತಾಲೂಕಿನ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿನ ಡಾಕ್ಟರೊಬ್ಬರ ಜೊತೆ ಮದುವೆ ನಿಶ್ಚಯವಾಗಿತ್ತು. 1973ರ ನವೆಂಬರ್ 27ರ ಸಂಜೆ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿ ಕುತ್ತಿಗೆಗೆ ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ಆಮ್ಲಜನಕ ತಪ್ಪಿತು. ಆಗ ಆಕೆಗೆ 25 ವರ್ಷ. ಮುಂದಿನ ಬದುಕೆಲ್ಲ ನಾಲ್ಕನೇ ವಾರ್ಡಿನ ಪಕ್ಕದ ಕೋಣೆಯಲ್ಲೇ ಕಳೆಯಿತು.

1980ರ ದಶಕದಲ್ಲಿ ಮಹಾನಗರ ಪಾಲಿಕೆ ಎರಡು ಸಲ ಆಕೆಯನ್ನು ಬೇರೆಡೆ ಸಾಗಿಸಲು ಹೊರಟಿತು. ನರ್ಸ್‌ಗಳು ಬಿಡಲಿಲ್ಲ. ಹಳಬರು ನಿವೃತ್ತರಾದರು, ಹೊಸಬರು ಬಂದರು. ಪ್ರತಿ ಹ್ಯಾಂಡೋವರ್‌ನಲ್ಲೂ ಅರುಣಾ ಕೈಯಿಂದ ಕೈಗೆ ದಾಟಿದರು.

ಆಕೆಗೆ ಬಲವಂತವಾಗಿ ಉಣಿಸುವುದನ್ನು ನಿಲ್ಲಿಸಿ, ನೆಮ್ಮದಿಯಿಂದ ಹೋಗಲು ಬಿಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ಸವೆದ ಮೂಳೆ, ಸೊರಗಿದ ಚರ್ಮ ಅವರ ಕಣ್ಣಿಗೆ ಬಿದ್ದಿತ್ತು. ಮೀನು, ಕೋಳಿ ಸೂಪು ಕೊಟ್ಟರೆ ನಗುತ್ತಾರೆ ಎಂದು ಆಸ್ಪತ್ರೆಯ ಡೀನ್ ಹೇಳಿದರು. ಕರಾವಳಿಯವಳಾದ ನನಗೆ ಆ ಮೀನಿನ ಮಾತು ಓದಿ ಕಣ್ಣು ತುಂಬಿತು. ಇಬ್ಬರದೂ ಅಕ್ಕರೆಯೇ. 2011ರ ಮಾರ್ಚ್ 7ರಂದು ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಆಕೆಯ ಪರವಾಗಿ ಮಾತಾಡುವ ಹಕ್ಕು ಸೇವೆ ಮಾಡಿದ ಸಿಬ್ಬಂದಿಯದು ಎಂದಿತು. ಹೈಕೋರ್ಟಿನ ಅನುಮತಿಯಿದ್ದರೆ ಇಂಥ ರೋಗಿಗಳ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದೆಂಬ ದಾರಿಯೂ ಅದೇ ತೀರ್ಪಿನಲ್ಲಿ ತೆರೆಯಿತು. ನರ್ಸ್‌ಗಳು ಸಿಹಿ ಹಂಚಿದರು. ನಾನು ಅಲ್ಲಿದ್ದರೆ ನಾನೂ ಹಂಚುತ್ತಿದ್ದೆ. ಆದರೂ ಅರುಣಾಗೆ ಏನು ಬೇಕಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವರನ್ನು ಕೇಳುವ ದಾರಿ 1973ರಲ್ಲೇ ಮುಚ್ಚಿತ್ತು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ನನ್ನ ವಾರ್ಡಿನಲ್ಲಿ ಕೇಳಬಹುದಾಗಿದ್ದೂ ಕೇಳದೇ ಹೋದದ್ದಿದೆ. ಅಡಿಕೆ ತೋಟದ ಮುದುಕರೊಬ್ಬರು ಪ್ರಜ್ಞೆ ತಪ್ಪಿದಾಗ, ವೆಂಟಿಲೇಟರ್ ಹಾಕದಿದ್ದರೆ ಊರವರು ತನ್ನನ್ನು ಕೈಬಿಟ್ಟ ಮಗ ಅಂತಾರೆ ಎಂದು ಹಿರಿಮಗ ಅತ್ತ. ಮನೆಗೆ ಒಯ್ದು ಬಾಯಿಗೆ ತುಳಸಿ ನೀರು ಬಿಡಬೇಕು, ಅಪ್ಪನ ಆಸೆ ಅದೇ ಎಂದಳು ಮಗಳು. ಮೂರು ದಿನದ ಹಿಂದೆ ಅವರೇ ಮಾತಾಡುತ್ತಿದ್ದರು. ನಾನು ಬಿಪಿ ನೋಡಿ ಬರೆದುಕೊಂಡು ಹೋಗಿದ್ದೆ. ಯಂತ್ರದ ಮೇಲೆ ಹನ್ನೊಂದು ದಿನ ಇದ್ದು ಹೋದರು.

ಮುಂಗಡವಾಗಿ ಇಚ್ಛೆ ಬರೆದಿಡುವ ಪತ್ರಕ್ಕೆ 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಮಾನ್ಯತೆ ಸಿಕ್ಕಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿ 30ರಂದು ಈ ಬಗ್ಗೆ ಆದೇಶ ಹೊರಡಿಸಿತು.

ನನ್ನ ಪತ್ರವನ್ನು ಕಳೆದ ಮಳೆಗಾಲದಲ್ಲಿ ಬರೆದೆ. ವಾಸಿಯಾಗುವ ಆಸೆಯಿಲ್ಲದೆ, ಮಗಳ ಗುರುತೂ ಸಿಗದಂತಾದರೆ ಕೊಳವೆ ಬೇಡ, ಯಂತ್ರ ಬೇಡ. ಎರಡು ತಾಸಿಗೊಮ್ಮೆ ಮಗ್ಗಲು ಮಾತ್ರ ಬದಲಿಸಿ, ಬಾಯಿ ಒಣಗದಂತೆ ನೋಡಿಕೊಳ್ಳಿ.