ಗುಂಡುಸೂಜಿಯ ತಲೆಯಷ್ಟು

ಮೈಕೆಲ್ ಫ್ಯಾರಡೆಗೆ ಕೆಲಸ ಸಿಕ್ಕ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ ಹುಡುಗ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಅದನ್ನು ಚೆಂದವಾಗಿ ಬರೆದು, ಬೈಂಡ್ ಮಾಡಿ ಅವನಿಗೇ ಕಳಿಸಿದ ಎಂಬ ಕಥೆ. ಅದರಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಪಾತ್ರವೊಂದಿದೆ. ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಹಳದಿ ಎಣ್ಣೆಯಂಥ ದ್ರವ.

ಅದನ್ನು ಮೊದಲು ತಯಾರಿಸಿದವನು ಫ್ರಾನ್ಸಿನ ಪಿಯೆರ್ ಲೂಯಿ ಡ್ಯೂಲಾಂಗ್, 1811ರಲ್ಲಿ. ಡ್ಯೂಲಾಂಗ್–ಪೆಟಿ ನಿಯಮದ ಡ್ಯೂಲಾಂಗ್ ಇವನೇ. ತುಸು ಬಿಸಿ, ತುಸು ಬೆಳಕು, ಒಂದಿಷ್ಟು ಜಿಡ್ಡು ತಾಗಿದರೂ ಸಿಡಿಯಬಲ್ಲ ವಸ್ತು ಅದು. ಡ್ಯೂಲಾಂಗ್ ಒಂದು ಕಣ್ಣನ್ನೂ ಬೆರಳುಗಳನ್ನೂ ಕಳೆದುಕೊಂಡ. ಮರುವರ್ಷ ಆಂಪಿಯರ್ (ಕರೆಂಟಿನ ಅಳತೆಗೆ ಹೆಸರು ಕೊಟ್ಟವನೇ) ಡೇವಿಗೆ ಪತ್ರ ಬರೆದು ಈ ದ್ರವದ ಸುದ್ದಿಯನ್ನೂ, ಕಂಡುಹಿಡಿದವನ ಕಣ್ಣು ಹೋದದ್ದನ್ನೂ ತಿಳಿಸಿದ. ಓದಿದ ಡೇವಿ ಅದನ್ನು ತಾನೂ ತಯಾರಿಸಲು ಹೊರಟ! ಎಚ್ಚರಿಕೆಯೇ ಆಮಂತ್ರಣವಾಯಿತು. ಗಾಜಿನ ಕೊಳವೆ ಸಿಡಿದು ಅವನ ಕಣ್ಣಿಗೆ ಗಾಯವಾಯಿತು.

ಬರೆಯಲಾಗದ ಡೇವಿಗೆ ಕೆಲವು ದಿನ ಬರಹಗಾರನಾಗಿ ಬಂದವನು ಫ್ಯಾರಡೆ. ಆಮೇಲೆ ಲ್ಯಾಬಿನ ಹಳೆಯ ಸಹಾಯಕ ಹೊಡೆದಾಟ ಮಾಡಿಕೊಂಡು ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗ ಫ್ಯಾರಡೆಗೆ ಸಿಕ್ಕಿತು.

ನನ್ನನ್ನು ಕಾಡುವುದು ಮುಂದಿನ ಭಾಗ. ಗಾಯಗೊಂಡ ಡೇವಿ, ಗುಂಡುಸೂಜಿಯ ತಲೆಗಿಂತ ದೊಡ್ಡ ಹನಿಯೊಂದಿಗೆ ಪ್ರಯೋಗ ಮಾಡುವುದು ಕ್ಷೇಮವಲ್ಲ ಎಂದು ಪತ್ರದಲ್ಲಿ ಬರೆದಿದ್ದ. ಅಂದರೆ ಮಿತಿ ಗೊತ್ತಿತ್ತು, ಅದನ್ನು ಹೇಳಿದವನೇ ಯಜಮಾನ. ಕೆಲವೇ ತಿಂಗಳ ನಂತರ, ಏಪ್ರಿಲ್‌ನಲ್ಲಿ, ಫ್ಯಾರಡೆ ಗೆಳೆಯ ಆಬಟ್‌ಗೆ ಬರೆದ ಪತ್ರದಲ್ಲಿ ತಾನು ಹೆಬ್ಬೆರಳು ಮತ್ತು ಬೆರಳಿನ ನಡುವೆ ಹಿಡಿದಿದ್ದ ಕೊಳವೆ ಸಿಡಿದದ್ದನ್ನು ಹೇಳುತ್ತಾನೆ. ಅದರಲ್ಲಿದ್ದದ್ದು ಏಳೂವರೆ ಗ್ರೇನ್, ನಮ್ಮ ಲೆಕ್ಕದಲ್ಲಿ ಸುಮಾರು ಅರ್ಧ ಗ್ರಾಂ. ಗುಂಡುಸೂಜಿಯ ತಲೆ ಎಲ್ಲಿ, ಅರ್ಧ ಗ್ರಾಂ ಎಲ್ಲಿ! ಉಗುರಿನ ಒಂದು ಭಾಗ ಕಿತ್ತುಹೋಯಿತು. ಚೂರುಗಳು ಅವನು ಹಾಕಿದ್ದ ಮುಖವಾಡದ ಗಾಜನ್ನು ಕೊರೆದವು. ಮುಖವಾಡ ಇಲ್ಲದಿದ್ದರೆ ನಮ್ಮ ಡೈನಮೋ, ಟ್ರಾನ್ಸ್‌ಫಾರ್ಮರ್‌ಗಳ ಚರಿತ್ರೆ ಬೇರೆಯೇ ಆಗುತ್ತಿತ್ತೋ ಏನೋ.

ಇದೆಲ್ಲ ಹಳೇ ಕಾಲದ ಹುಚ್ಚುಸಾಹಸ ಎಂದುಕೊಳ್ಳುವ ಹಾಗಿಲ್ಲ. 2010ರ ಜನವರಿ 7ರಂದು ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬ ನಿಕಲ್ ಹೈಡ್ರಜೀನ್ ಪರ್ಕ್ಲೋರೇಟ್ ಎಂಬ ಸ್ಫೋಟಕದೊಂದಿಗೆ ಕೆಲಸ ಮಾಡುತ್ತಿದ್ದ. ಅಲ್ಲಿನ ಮಿತಿ 100 ಮಿಲಿಗ್ರಾಂ. ಆದರೆ ಅದು ಬಾಯಿಮಾತಿನ ಮಿತಿ. ಒಂದೊಂದು ಸಲದ ಪುಡಿ ಒಂದೊಂದು ಥರ ಬರಬಾರದು, ಎಲ್ಲ ಪರೀಕ್ಷೆಗೂ ಒಂದೇ ಪುಡಿ ಸಾಕಾಗಲಿ ಎಂದು ಇಬ್ಬರು ವಿದ್ಯಾರ್ಥಿಗಳು ಸುಮಾರು 10 ಗ್ರಾಂ ತಯಾರಿಸಿಬಿಟ್ಟಿದ್ದರು, ಮಿತಿಯ ನೂರು ಪಟ್ಟು. ಚಿಟಿಕೆಯಷ್ಟು ಪುಡಿ ಹೆಕ್ಸೇನಿನಲ್ಲಿ ಒದ್ದೆಯಾಗಿದ್ದಾಗ ಸಿಡಿಯದ್ದನ್ನು ಕಂಡಿದ್ದರು. ಹೆಚ್ಚಿದ್ದರೂ ಹಾಗೇ ಇರುತ್ತದೆಂದು ನಂಬಿದರು. ಅದರ ಅರ್ಧದಷ್ಟನ್ನು ಖಲ್ಲಿನಲ್ಲಿ ಹಾಕಿ ಗಂಟು ಒಡೆದು ಮುಗಿಸಿ, ಕನ್ನಡಕ ತೆಗೆದು ಆಚೆ ಹೋದವನಿಗೆ ಇನ್ನೊಂದು ಸಲ ಕಲಕೋಣ ಅನ್ನಿಸಿತು. ವಾಪಸು ಬಂದಾಗ ಕನ್ನಡಕ ಹಾಕಿಕೊಂಡಿರಲಿಲ್ಲ. ಮೂರು ಬೆರಳು ಹೋದವು, ಕಣ್ಣಿಗೆ ಪೆಟ್ಟಾಯಿತು, ಕೈ ಮುಖ ಸುಟ್ಟವು.

ಅವನೊಬ್ಬನ ಅಜಾಗ್ರತೆ ಎಂದು ಷರಾ ಬರೆದು ಮುಗಿಸಬಹುದಿತ್ತು. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ಹಾಗೆ ಮಾಡಲಿಲ್ಲ. 2011ರ ಅದರ ವರದಿ ವಿಶ್ವವಿದ್ಯಾಲಯದ ವ್ಯವಸ್ಥೆಯನ್ನೇ ಕೆದಕಿತು. ಅದೇ ಸಂಶೋಧನಾ ತಂಡಗಳಲ್ಲಿ 2007ರಿಂದೀಚೆಗೆ ಎರಡು ಅವಘಡಗಳು ನಡೆದಿದ್ದವು. ಯಾರಿಗೂ ದೊಡ್ಡ ಗಾಯವಾಗದ್ದರಿಂದ ಅವುಗಳ ಪಾಠ ಯಾರಿಗೂ ದಾಟಿರಲಿಲ್ಲ. ಇದನ್ನು ಓದುವಾಗ ನನಗೆ ನಮ್ಮ ಐಟಿ ಜಗತ್ತು ನೆನಪಾಯಿತು. ಸರ್ವರ್ ಬಿದ್ದರೆ ಹತ್ತು ಪುಟದ ವರದಿ; ಬೀಳುವುದು ಕೂದಲೆಳೆಯಲ್ಲಿ ತಪ್ಪಿದರೆ ಚಹಾ ಕುಡಿದು ಮನೆಗೆ ಹೋಗುತ್ತೇವೆ. ನಮ್ಮಲ್ಲಿ ಬೆರಳು ಹೋಗುವುದಿಲ್ಲ, ಅಷ್ಟೇ.

ಬೋರ್ಡಿನ ಶಿಫಾರಸಿನ ಮೇಲೆ ಅಮೆರಿಕನ್ ಕೆಮಿಕಲ್ ಸೊಸೈಟಿ ಸಂಶೋಧನಾ ಲ್ಯಾಬುಗಳಿಗೆಂದೇ ಅಪಾಯ ಅಳೆಯುವ ಕೈಪಿಡಿಯೊಂದನ್ನು ತಂದಿತು. ಅದು 2015ರಲ್ಲಿ, ಡ್ಯೂಲಾಂಗನ ಕಣ್ಣು ಹೋಗಿ ಎರಡು ಶತಮಾನ ಕಳೆದ ಮೇಲೆ.